ಲಾಭ, ಎರಡು, ಮೂರು

ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಸೊಣ್ಣಪ್ಪನ ಹೆಬ್ಬೆಟ್ಟಿಗೆ ಇದ್ದ ಬೆಲೆ ತಾಲ್ಲೂಕು ಕಚೇರಿಯ ಮೊಹರಿಗೂ ಇರಲಿಲ್ಲ. ಕಾಯನ್ನು ಅಂಗೈಯಲ್ಲಿಟ್ಟುಕೊಂಡು ತೊಟ್ಟಿನ ಪಕ್ಕ ಒಮ್ಮೆ ಒತ್ತಿದನೆಂದರೆ ತೀರ್ಪು ಬಂದ ಹಾಗೆ. "ಇನ್ನು ನಾಕು ದಿನ" ಎನ್ನುತ್ತಿದ್ದ. ಕಾಯನ್ನು ಬತ್ತದ ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕುತ್ತಿದ್ದರು. ನಾಲ್ಕನೇ ದಿನ ಹುಲ್ಲು ಸರಿಸಿದರೆ ಬಾದಾಮಿ ಹಣ್ಣಾಗಿ ಮಂಡಿಯೆಲ್ಲ ಘಮ್ಮೆನ್ನುತ್ತಿತ್ತು. ಅವಸರ ಮಾಡಿ ಎರಡನೇ ದಿನವೇ ತೆಗೆದವರು ಹಲ್ಲು ಜುಮ್ಮೆನ್ನಿಸಿಕೊಂಡು ಬಂದು ಅವನ ಹತ್ತಿರ ಬೈಸಿಕೊಳ್ಳುತ್ತಿದ್ದರು. "ತಾಳಿದವನು ಬಾಳಿಯಾನು ಕಣ್ಲಾ. ಹಣ್ಣಿನ ಹತ್ರ ಅವಸರ ನಡೆಯಲ್ಲ" ಎನ್ನುವುದು ಅವನ ಮಾತು. ಆ ಮಾತಿಗಿಷ್ಟು ಬೆಂಕಿ ಹಾಕ! ಒಂದು ಹೆಣ್ಣಿನ ಕುತ್ತಿಗೆಗೆ ಬಂದದ್ದು ಅದೇ ಮಾತು.

ಆ ಹೆಣ್ಣು ಮುನಿಯಲ್ಲಮ್ಮ, ಸೊಣ್ಣಪ್ಪನ ಹೆಂಡತಿ. ಅವನ ಸ್ವಂತ ಅಕ್ಕನ ಮಗಳು. ತೊಟ್ಟಿಲಿನಿಂದ ಎತ್ತಿ ಆಡಿಸಿದವನನ್ನೇ ಕಟ್ಟಿಕೊಂಡವಳು, ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೂ ಅವನನ್ನು "ಮಾವಾ" ಎಂದೇ ಕರೆಯುತ್ತಿದ್ದಳು. ಕೋದಂಡರಾಮಪ್ಪನವರ ಮಂಡಿಯಲ್ಲಿ ಕಾಯಿ ಎಣಿಸುವುದು ಅವಳ ಕೆಲಸ. ಆ ಕಡೆ ರಾಗಿ ಅಳೆಯಲಿ, ಮಾವು ಎಣಿಸಲಿ, ಯಾರೂ ಒಂದು ಎಂದು ಶುರು ಮಾಡುವುದಿಲ್ಲ. ಒಂದರ ಜಾಗದಲ್ಲಿ ಲಾಭ ಎನ್ನಬೇಕು. ಬಾಯಿಂದ ಬರುವ ಮೊದಲ ಮಾತೇ ಒಳ್ಳೆಯದಾಗಿರಲಿ ಎಂದು ಹಿರಿಯರು ಮಾಡಿದ್ದು. ಮುನಿಯಲ್ಲಮ್ಮ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು "ಲಾಭಾ..." ಎಂದು ರಾಗ ಎಳೆದರೆ ಬಸ್ ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸುತ್ತಿತ್ತು. ಕಂಡಕ್ಟರುಗಳು "ಮುನಿಯಲ್ಲಮ್ಮನ ಲಾಭ ಆಯ್ತು, ಬಿಡಪ್ಪ ಬಸ್ಸು" ಎಂದು ತಮಾಷೆ ಮಾಡುತ್ತಿದ್ದರು. ಅವಳಿಗೆ ಅದು ಹೆಮ್ಮೆ. ಗಂಡನಿಗೆ ಹೆಬ್ಬೆಟ್ಟು ಇದ್ದ ಹಾಗೆ ತನಗೆ ಗಂಟಲು ಎಂದುಕೊಂಡಿದ್ದಳು.

ಎಪ್ಪತ್ತೆಂಟನೇ ಇಸವಿಯ ಯುಗಾದಿ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಕತ್ತಿನ ಬಲಗಡೆ, ದವಡೆಯ ಕೆಳಗೆ, ಅವಳ ಬೆರಳಿಗೆ ಏನೋ ಸಿಕ್ಕಿತು. ಹುಣಸೆ ಬೀಜದಷ್ಟು. ಒತ್ತಿ ನೋಡಿದಳು, ನೋಯಲಿಲ್ಲ. ಆಚೀಚೆ ತಳ್ಳಿ ನೋಡಿದಳು, ಜರುಗಲೂ ಇಲ್ಲ. ನೀರು ಹಾಕಿಕೊಂಡು ಬಂದು, ಬೇವು ಬೆಲ್ಲ ತಿನ್ನುತ್ತ ಕೂತಿದ್ದ ಗಂಡನ ಮುಂದೆ ಕತ್ತು ಚಾಚಿದಳು.

"ಮಾವಾ, ಇದೇನು ನೋಡು."

ಸೊಣ್ಣಪ್ಪ ಕೈ ಒರೆಸಿಕೊಂಡು, ಮಂಡಿಯಲ್ಲಿ ಕಾಯಿ ಒತ್ತುವ ಹಾಗೆಯೇ, ಕಣ್ಣು ಮುಚ್ಚಿ ಒತ್ತಿದ.

"ಗಡ್ಡ ಲೇ. ಕಾಯಿ. ಇನ್ನೂ ಬರೀ ಪಿಂದೆ, ಹೀಚು."

"ನೋವೇ ಇಲ್ಲ?"

"ಕಾಯಿಗೆ ಎಲ್ಲಾದ್ರೂ ನೋವಿರುತ್ತೇನೇ? ಹಣ್ಣಾದಾಗ ನೋಯುತ್ತೆ, ಒಡೆಯುತ್ತೆ, ಹೋಗುತ್ತೆ. ನೋವಿಲ್ಲ ಅಂದ್ರೆ ಭಯ ಇಲ್ಲ ಅಂತ ಅರ್ಥ."

ಇಲ್ಲೇ ಎಲ್ಲ ಎಡವಟ್ಟಾದದ್ದು. ಆ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ತೆಲುಗಿನಲ್ಲಿ ಗಡ್ಡ ಎಂದರೆ ಅವರಿಗೆ ಕುರು. ಬೇಸಿಗೆಯಲ್ಲಿ ತೊಡೆಯ ಮೇಲೆ, ಬೆನ್ನ ಮೇಲೆ ಏಳುತ್ತದಲ್ಲ, ಅದು. ಅದಕ್ಕೆ ಸುಟ್ಟ ಈರುಳ್ಳಿ ಕಟ್ಟಬೇಕು, ಅರಿಶಿನದ ಪಟ್ಟು ಹಾಕಬೇಕು, ಹಣ್ಣಾಗುವವರೆಗೆ ಕಾಯಬೇಕು. ಹುಟ್ಟಿದಾಗಿನಿಂದ ಕಂಡದ್ದು ಅಷ್ಟೇ. ಹಣ್ಣಾಗದ ಗಡ್ಡ ಎನ್ನುವುದೂ ಒಂದಿರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದಾಗ ಅವರು ಕೇಳಲೂ ಇಲ್ಲ ಅನ್ನಿ, ಅದು ಮುಂದಿನ ಮಾತು.

ಮುನಿಯಲ್ಲಮ್ಮ ಅಂದಿನಿಂದ ತಿಂಗಳು ಎಣಿಸಿದಳು. ಬಾಯಿಗೆ ರೂಢಿಯಾದ ಲೆಕ್ಕವೇ ಬಂತು. ಲಾಭ ಅಂದದ್ದು ಚೈತ್ರ. ಎರಡು ಅನ್ನುವ ಹೊತ್ತಿಗೆ ಸುಗ್ಗಿ ಬಂದು ಮಂಡಿಯ ತುಂಬ ರಸಪುರಿ, ಬಾದಾಮಿ. ಯಲ್ದೂರು ಕಡೆಯಿಂದ ಗಾಡಿಯ ಹಿಂದೆ ಗಾಡಿ. ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲದ ಕಡೆ ಕತ್ತಿನ ಗಂಟನ್ನು ಯಾರು ನೆನೆಯುತ್ತಾರೆ? ಶುಕ್ರವಾರಕ್ಕೊಮ್ಮೆ ಸೊಣ್ಣಪ್ಪ ಮಾತ್ರ ಮರೆಯದೆ ಒತ್ತಿ ನೋಡುತ್ತಿದ್ದ. "ಕಾಯಿ" ಎನ್ನುತ್ತಿದ್ದ. ಅವಳು ಸುಟ್ಟ ಈರುಳ್ಳಿ ಕಟ್ಟಿಕೊಂಡು ಮಲಗುತ್ತಿದ್ದಳು. ದಿಂಬೆಲ್ಲ ಈರುಳ್ಳಿ ವಾಸನೆ.

ಮೂರನೇ ತಿಂಗಳು ಭಾರತಮ್ಮ ಮಂಡಿಗೆ ಬಂದಳು. ಸರ್ಕಾರಿ ನರ್ಸಮ್ಮ, ಮಕ್ಕಳಿಗೆ ಸೂಜಿ ಹಾಕಲು ಹಳ್ಳಿ ಹಳ್ಳಿ ತಿರುಗುವವಳು. ಮನೆಗೆ ಗಿಣಿಮೂತಿ ಮಾವಿನಕಾಯಿ ಉಪ್ಪಿನಕಾಯಿಗೆ ಆರಿಸುತ್ತಿದ್ದವಳ ಕಣ್ಣು ಮುನಿಯಲ್ಲಮ್ಮನ ಕತ್ತಿನ ಮೇಲೆ ಬಿತ್ತು. ಹುಣಸೆ ಬೀಜ ಅಷ್ಟು ಹೊತ್ತಿಗೆ ನಿಂಬೆಕಾಯಿ ಆಗಿತ್ತು.

"ಎಷ್ಟು ದಿನದಿಂದ ಐತೆ ಇದು?"

"ಯುಗಾದಿಯಿಂದ ಅಕ್ಕ. ಗಡ್ಡ. ನೋವೇನಿಲ್ಲ."

ಭಾರತಮ್ಮ ಕಾಯಿ ಕೆಳಗಿಟ್ಟು ಎರಡು ಬೆರಳಲ್ಲಿ ಮುಟ್ಟಿ ನೋಡಿದಳು. ಅವಳ ಮುಖ ಬಿಗಿಯಿತು.

"ನಿಂಗೇನು ತಲೆ ಕೆಟ್ಟೈತಾ? ಕಲ್ಲು ಇದ್ದ ಹಾಗೈತೆ. ಎರಡು ವಾರ, ಮೂರು ವಾರಕ್ಕೂ ಇಳೀದೆ ನಿಂತ ಗಂಟನ್ನ ಡಾಕ್ಟ್ರಿಗೆ ತೋರಿಸ್ಲೇಬೇಕು ಕಣೇ. ನೋಯ್ತಿದ್ರೆ ಒಂದು ಭಯ, ನೋಯ್ದೆ ಬೆಳೀತಿದ್ರೆ ಹತ್ತು ಭಯ. ಏಳು ಮೇಲೆ."

ರಾಶಿಯ ಮುಂದಿನಿಂದ ರಟ್ಟೆ ಹಿಡಿದು ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು ಪುಣ್ಯಾತ್ಗಿತ್ತಿ. ಸೊಣ್ಣಪ್ಪನೂ ಹಿಂದೆಯೇ ಬಂದ. ಡಾಕ್ಟರು ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿದರು, ಕತ್ತು ಎರಡೂ ಕಡೆ ತಡಕಿದರು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಎಷ್ಟು ವರ್ಷದಿಂದ ಎಂದು ಕೇಳಿದರು. ಆಮೇಲೆ ಚೀಟಿ ಬರೆದರು.

"ಇದು ಗೆಡ್ಡೆ ಅಮ್ಮ. ಎಂಥದ್ದು ಅಂತ ಮುಟ್ಟಿ ಹೇಳೋಕಾಗಲ್ಲ, ಯಾರ ಕೈಲೂ ಆಗಲ್ಲ. ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಿ. ಚೂರು ಕೊಯ್ದು ತೆಗೆದು ಪರೀಕ್ಷೆ ಮಾಡ್ತಾರೆ. ಈ ವಾರಾನೇ ಹೋಗಿ."

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ ಸೊಣ್ಣಪ್ಪ ನಕ್ಕುಬಿಟ್ಟ. ಗೆಡ್ಡೆ ಎಂದದ್ದು ಅವನ ಕಿವಿಗೆ ಗಡ್ಡ ಎಂದೇ ಬಿದ್ದಿತ್ತು.

"ಕೇಳಿದ್ಯಾ? ಓದಿದೋನೂ ಗಡ್ಡ ಅಂದ. ನಾನಂದಿದ್ದೇ ಅಂದ. ಇದಕ್ಕೆ ಆಸ್ಪತ್ರೆ ಬೇರೆ!"

"ಕೊಯ್ದು ನೋಡ್ಬೇಕಂತೆ ಮಾವಾ."

"ಮಾವಿನಕಾಯಿ ಎಣಿಸೋಳು ನೀನು, ನಿಂಗೆ ನಾನು ಹೇಳಿಕೊಡ್ಬೇಕಾ? ಕಾಯಿ ತೊಟ್ಟು ಮುರಿದ್ರೆ ಏನಾಗುತ್ತೆ? ಸೊನೆ ಚಿಮ್ಮುತ್ತೆ. ಸೊನೆ ಬಿದ್ದ ಕಡೆಯೆಲ್ಲ ಸುಟ್ಟು ಹುಣ್ಣಾಗುತ್ತೆ. ಕಾಯಿ ಗಡ್ಡಕ್ಕೆ ಕತ್ತಿ ಹಾಕಿದ್ರೂ ಅಷ್ಟೇ, ಮೈಯೆಲ್ಲ ಹಬ್ಬುತ್ತೆ. ಹಣ್ಣಾಗ್ಲಿ. ಹಣ್ಣಾದ್ಮೇಲೆ ನಾನೇ ಕರ್ಕೊಂಡ್ ಹೋಗ್ತೀನಿ."

ನಿಜ ಹೇಳಬೇಕೆಂದರೆ ಮುನಿಯಲ್ಲಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಕತ್ತಿ ಎಂದ ಕೂಡಲೇ ಅವಳ ಜೀವ ಬಾಯಿಗೆ ಬಂದಿತ್ತು. ಗಂಡನ ಮಾತು ನಂಬುವುದು ಸುಲಭ, ಡಾಕ್ಟರ ಮಾತು ನಂಬುವುದು ಕಷ್ಟ. ಸುಲಭವಾದದ್ದನ್ನು ನಂಬಿದಳು. ಚೀಟಿಯನ್ನು ತಿಮ್ಮಪ್ಪನ ಪಟದ ಹಿಂದೆ ಸಿಕ್ಕಿಸಿ ಕೈ ಮುಗಿದಳು. ದೇವರ ಹಿಂದೆ ಇಟ್ಟರೆ ಕಾಗದ ಕೋಲಾರಕ್ಕೆ ನಡೆದು ಹೋಗುತ್ತದೆಯೇ? ಭಾರತಮ್ಮ ಎರಡು ಸಲ ಮನೆಗೇ ಬಂದು ಕೂಗಾಡಿದಳು. ಮೂರನೇ ಸಲ ಸೊಣ್ಣಪ್ಪ ಅವಳ ಮುಖದ ಮೇಲೆ ಹೇಳಿದ: "ನೀನು ಸೂಜಿ ಚುಚ್ಚೋ ಕೆಲಸ ನೋಡ್ಕೊಳಮ್ಮ, ಹಣ್ಣು ಕಾಯಿ ನಂಗೆ ಬಿಡು." ಆಮೇಲೆ ಅವಳು ಬರಲಿಲ್ಲ.

ನಾಲ್ಕು ಆಯಿತು. ಐದನೇ ತಿಂಗಳು ಶ್ರಾವಣ, ಸುಗ್ಗಿಯ ಕೊನೆಯ ನೀಲಂ ಕಾಯಿ ಬಂದಿತ್ತು. ಮುನಿಯಲ್ಲಮ್ಮ ರಾಶಿಯ ಮುಂದೆ ಕೂತು "ಲಾ..." ಎಂದಳು. ಭ ಬರಲಿಲ್ಲ. ಕೆಮ್ಮಿ, ನೀರು ಕುಡಿದು ಮತ್ತೆ ಎಂದಳು. ಒಡಕು ಮಡಕೆ ಬಡಿದ ಹಾಗೆ ಸದ್ದು ಬಂತು. ಸುತ್ತ ಇದ್ದ ಹೆಂಗಸರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಕೋದಂಡರಾಮಪ್ಪನವರು ಒಳ್ಳೆಯವರೇ, ಗದ್ದಿಗೆಯಿಂದಲೇ ಹೇಳಿದರು: "ಪಾಪ, ಅವಳಿಗೆ ಗಂಟಲು ಕಟ್ಟೈತೆ. ಲೇ ಆಂಜಿನಮ್ಮ, ನೀನು ಎಣಿಸು."

ಆಂಜಿನಮ್ಮ ಬುಟ್ಟಿ ಹೊರುವ ಹೆಂಗಸು, ಇನ್ನೂ ಮೂವತ್ತಾಗಿರಲಿಲ್ಲ. ಹೆದರಿಕೊಂಡೇ ಬಂದು ಕೂತು "ಲಾಭ, ಎರಡು" ಎಂದು ಶುರು ಮಾಡಿದಳು. ಸಣ್ಣ ದನಿ, ಆದರೂ ದನಿ. ಮುನಿಯಲ್ಲಮ್ಮ ಅಂದು ಬುಟ್ಟಿ ಹೊತ್ತಳು. ಗಂಟು ಬಂದಾಗ ಅಳದವಳು, ಚೀಟಿ ಕಂಡಾಗ ಅಳದವಳು, ಅಂದು ಹುಲ್ಲಿನ ಮೆದೆಯ ಹಿಂದೆ ನಿಂತು ಅತ್ತಳು. ಮನೆಗೆ ಬಂದವಳೇ ಪಟದ ಹಿಂದಿನಿಂದ ಚೀಟಿ ತೆಗೆದು ಗಂಡನ ಮಡಿಲಿಗೆ ಎಸೆದಳು.

"ಕೋಲಾರಕ್ಕೆ ಹೋಗಾಣ ನಡಿ."

"ಶ್ರಾವಣ ಮುಗೀಲಿ."

ಶ್ರಾವಣ ಮುಗಿಯಿತು. "ಗೌರಿಹಬ್ಬ ಕಳೀಲಿ" ಎಂದ. ಕಳೆಯಿತು. "ಪಿತೃಪಕ್ಷದಲ್ಲಿ ಯಾರಾದ್ರೂ ಆಸ್ಪತ್ರೆ ಮೆಟ್ಲು ಹತ್ತುತ್ತಾರೇನೇ?" ಎಂದ. ಪಂಚಾಂಗದಲ್ಲಿ ಬೇಡ ಎನ್ನಲು ದಿನಗಳಿಗೇನು ಬರ? ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳು ಜಗಳವಾಡಿ ಒಬ್ಬಳೇ ಬಸ್ಸು ಹತ್ತುತ್ತಿದ್ದಳು. ಮುದ್ದೆ ಇಳಿಯುವುದಿಲ್ಲ ಎಂದರೆ ಗಂಜಿ ಕಾಯಿಸಿ ಕೊಡುತ್ತಿದ್ದ, ಈರುಳ್ಳಿ ತಾನೇ ಸುಟ್ಟು ಕಟ್ಟುತ್ತಿದ್ದ. ಬೆರಳು ಸೋತಿತು ಎಂದು ಒಪ್ಪಿಕೊಳ್ಳುವುದೊಂದು ಮಾತ್ರ ಅವನಿಂದ ಆಗಲಿಲ್ಲ.

ದಸರೆಯ ಹಿಂದಿನ ಶುಕ್ರವಾರ ಅವನು ಒತ್ತಿ ನೋಡಿ ಎಗರಿ ಕೂತ. ಕತ್ತಿನ ಮೇಲಿದ್ದದ್ದು ಆಗ ಕೋಳಿಮೊಟ್ಟೆಗಿಂತ ದೊಡ್ಡದಾಗಿತ್ತು. ಚರ್ಮ ಕೆಂಪಾಗಿ ಮಿಂಚುತ್ತಿತ್ತು.

"ಮುನೀ! ಮೆತ್ತಗಾಗೈತೆ ಲೇ! ಒಂದು ಕಡೆ ಮೆತ್ತಗಾಗೈತೆ! ಹಣ್ಣಾಗ್ತಾ ಐತೆ. ನಾನು ಹೇಳ್ಲಿಲ್ವಾ? ಇನ್ನು ಎಂಟೇ ದಿನ."

ಅವನ ಕಣ್ಣಲ್ಲಿ ನೀರಿತ್ತು. ಕುಣಿಯುವುದೊಂದು ಬಾಕಿ. ಅಂಗಡಿಗೆ ಹೋಗಿ ಬೆಲ್ಲ ತಂದು ಬೀದಿಯ ನಾಲ್ಕು ಮನೆಗೆ ಹಂಚಿದ. ಮುನಿಯಲ್ಲಮ್ಮನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು, ನುಂಗಲಾಗದೆ ಸೆರಗಿಗೆ ಉಗುಳಿದಳು. ಆದರೂ ನಂಬಿದಳು. ಎಂಟು ದಿನ ಬೆರಳು ಮಡಚಿ ಎಣಿಸಿದಳು.

ಎಂಟನೇ ದಿನ ಒಡೆಯಿತು. ಕೀವು ಬರಲಿಲ್ಲ. ನೀರು ನೀರಾದ ರಕ್ತ ಬಂತು, ವಾಸನೆ ಬಂತು, ಗಡ್ಡ ಮಾತ್ರ ಅಲ್ಲೇ ಇತ್ತು. ಎರಡು ವಾರ ಕಳೆದರೂ ಹುಣ್ಣು ಕೂಡಲಿಲ್ಲ. ಸೊಣ್ಣಪ್ಪ ಹೆಬ್ಬೆಟ್ಟನ್ನು ಪಂಚೆಗೆ ಒರೆಸಿ ಒರೆಸಿ ನೋಡಿಕೊಳ್ಳುತ್ತ ಕೂತಿದ್ದ. ದೀಪಾವಳಿಯ ಮಾರನೇ ದಿನ ಮುನಿಯಲ್ಲಮ್ಮ ತಾನೇ ಎದ್ದು, ಕತ್ತಿಗೆ ಬಟ್ಟೆ ಸುತ್ತಿಕೊಂಡು, ಚೀಟಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹಿಂದೆ ಓಡಿದ.

ಕೋಲಾರದ ಆಸ್ಪತ್ರೆಯಲ್ಲಿದ್ದ ಡಾಕ್ಟರು ಮಂಗಳೂರು ಕಡೆಯವರು. ಬಟ್ಟೆ ಬಿಚ್ಚಿಸಿ ನೋಡಿ, ಹಳದಿಯಾಗಿದ್ದ ಚೀಟಿಯ ಮೇಲಿನ ತಾರೀಕು ಓದಿ, ಕನ್ನಡಕ ತೆಗೆದರು.

"ಇದು ಬಂದು ಎಷ್ಟು ತಿಂಗಳಾಯ್ತಮ್ಮ?"

ಮುನಿಯಲ್ಲಮ್ಮ ಬೆರಳು ಮಡಚತೊಡಗಿದಳು. ಪಿಸುದನಿಯಲ್ಲಿ "ಲಾಭ, ಎರಡು, ಮೂರು" ಎನ್ನುತ್ತ ಎಂಟಕ್ಕೆ ನಿಂತಳು.

"ಲಾಭ ಅಂದರೆ ಎಂತದ್ದು?"

"ಒಂದು ಸ್ವಾಮಿ" ಎಂದ ಸೊಣ್ಣಪ್ಪ. "ನಮ್ ಕಡೆ ಒಂದು ಅನ್ನಲ್ಲ. ಲಾಭ ಅಂತೀವಿ."

ಡಾಕ್ಟರು ಚೀಟಿಯನ್ನು ಮೇಜಿನ ಮೇಲಿಟ್ಟರು. "ಆ ಒಂದರಲ್ಲಿ ಬರಬೇಕಿತ್ತಮ್ಮ" ಎಂದರು. "ಆಗ ಇದು ಸಣ್ಣದಿತ್ತು, ಏನಾದರೂ ಮಾಡಬಹುದಿತ್ತು. ನೋವಿಲ್ಲ ಅಂತ ಬಿಟ್ಟಿರಾ? ಇದು ಮೊದಲಿಗೆ ನೋಯುವುದೇ ಇಲ್ಲ. ಬೇರು ಗಂಟಲಿನ ಒಳಗಿದೆ. ಬೆಂಗಳೂರಿಗೆ ಬರೆದು ಕೊಡ್ತೇನೆ."

ಅವಳಿಗೆ ಆ ಮಾತಿನಲ್ಲಿ ಒಂದೇ ಕೇಳಿಸಿತು. ಲಾಭ ಎಂದು ಎಣಿಸಿದ ಆ ಮೊದಲ ತಿಂಗಳು ನಿಜಕ್ಕೂ ಲಾಭವೇ ಆಗಿತ್ತು. ಇಡೀ ಜನ್ಮ ಬಾಯಲ್ಲಿ ಅಂದುಕೊಂಡು ಬಂದದ್ದು ಒಂದೇ ಒಂದು ಸಲ ನಿಜವಾಗಿ ಕತ್ತಿನ ಮೇಲೆ ಬಂದು ಕೂತಿತ್ತು, ಅದಕ್ಕೆ ಸುಟ್ಟ ಈರುಳ್ಳಿ ಕಟ್ಟಿ ಕಳೆದಿದ್ದಳು.

ಬೆಂಗಳೂರಿನಲ್ಲಿ ಕ್ಯಾನ್ಸರು ಎಂದರು. ಕರೆಂಟು ಕೊಡಬೇಕು, ಯಂತ್ರದ ಕಿರಣದಲ್ಲಿ ಗಂಟನ್ನು ಸುಡಬೇಕು ಎಂದರು. ಕರೆಂಟು ಕೊಡುವ ಮುಂಚೆ ಕಾಗದಕ್ಕೆ ಗಂಡನ ಹೆಬ್ಬೆಟ್ಟು ಕೇಳಿದರು. ಸೊಣ್ಣಪ್ಪನ ಬೆರಳಿಗೆ ಮಸಿ ಹಚ್ಚಿ ಗುಮಾಸ್ತ ಒತ್ತಿಸಿಕೊಂಡ. ಆ ಹೆಬ್ಬೆಟ್ಟನ್ನು ಇನ್ನೊಬ್ಬರು ಹಿಡಿದು ಒತ್ತುವುದನ್ನು ಅವಳು ಮೊದಲ ಸಲ ನೋಡಿದಳು. ಹದಿನೈದು ದಿನ ಕರೆಂಟು ಕೊಟ್ಟರು, ಕತ್ತಿನ ಚರ್ಮ ಕಪ್ಪಾಯಿತು. ಆಮೇಲೆ ಒಬ್ಬರು ಡಾಕ್ಟರಮ್ಮ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. ಇಷ್ಟಕ್ಕೆ ಸಾಕು, ಮನೆಗೆ ಹೋಗಿ, ಇಳಿಯುವುದನ್ನು ಕುಡಿಯಿರಿ, ನೋವಿಗೆ ಮಾತ್ರೆ ಕೊಡುತ್ತೇವೆ ಎಂದರು.

ವಾಪಸು ಬರುವ ಬಸ್ಸು ಕೋಲಾರ ದಾಟಿತು. ಆಮೇಲೆ ಸೊಣ್ಣಪ್ಪ ಕಿಟಕಿಯ ಕಡೆ ನೋಡುತ್ತ ಹೇಳಿದ:

"ಹಣೆಬರಹ ಲೇ. ನಾವೇನು ಮಾಡೋಕಾಗುತ್ತೆ."

ಅವಳು ಅವನ ಅಂಗಿ ಹಿಡಿದು ಎಳೆದಳು. ಬಸ್ಸಿನ ಸದ್ದಿನಲ್ಲಿ ಅವಳ ಪಿಸುಮಾತು ಕೇಳಲು ಅವನು ಕಿವಿಯನ್ನು ಅವಳ ಬಾಯಿಗೆ ತರಬೇಕಾಯಿತು.

"ಹಣೆಬರಹ ಅನ್ಬೇಡ. ಹಣೆ ಮೇಲೆ ಬಂದಿರ್ಲಿಲ್ಲ ಮಾವಾ ಇದು, ಕತ್ತಿನ ಮೇಲೆ ಬಂದಿತ್ತು. ಊರೆಲ್ಲ ನೋಡ್ತು. ನರ್ಸಮ್ಮ ಹೇಳಿದ್ಳು. ಡಾಕ್ಟ್ರು ಬರೆದು ಕೊಟ್ರು. ನಾನು ನಿನ್ನ ಹೆಬ್ಬೆಟ್ಟಿಗೆ ಕತ್ತು ಕೊಟ್ಟೆ. ನೀನು ಎತ್ತಿ ಆಡಿಸಿದ ಮಗು ಕಣೋ ನಾನು."

ಅವನನ್ನು ಅವಳು ಜನ್ಮದಲ್ಲಿ ಮೊದಲ ಬಾರಿಗೆ "ಕಣೋ" ಎಂದಿದ್ದಳು. ಸೊಣ್ಣಪ್ಪ ಬಾಯಿಗೆ ಟವಲು ಒತ್ತಿಕೊಂಡು ಅತ್ತ. ಅವಳಿಗೆ ಸಮಾಧಾನ ಮಾಡಬೇಕೆನಿಸಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಉರಿಯುವ ಒಲೆ ಇಟ್ಟುಕೊಂಡು ಅವಳೇನು ಮಾಡಬೇಕು? ಮುಂದಿನ ಸೀಟಿನ ಕಂಬಿ ಹಿಡಿದು ರಸ್ತೆ ನೋಡುತ್ತ ಕೂತಳು.

ಮತ್ತೊಂದು ಯುಗಾದಿ ಬಂತು. ಆ ಸಲ ಎಣ್ಣೆಯೂ ಇಲ್ಲ, ಬೇವು ಬೆಲ್ಲವೂ ಇಲ್ಲ. ಮುನಿಯಲ್ಲಮ್ಮ ಜಗುಲಿಯ ಚಾಪೆ ಹಿಡಿದಿದ್ದಳು. ಗಂಜಿ ನೀರು ಚಮಚದಲ್ಲಿ ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ. ಮಾತ್ರೆ ಕೊಟ್ಟ ಮೇಲೆ ಎರಡು ಗಂಟೆ ನೋವು ಸುಮ್ಮನಿರುತ್ತಿತ್ತು. ಸೊಣ್ಣಪ್ಪ ಮಂಡಿಗೆ ಹೋಗುವುದು ಬಿಟ್ಟಿದ್ದ. ಆದರೆ ಊರು ಅವನ ಹೆಬ್ಬೆಟ್ಟನ್ನು ಬಿಟ್ಟಿರಲಿಲ್ಲ. "ಪಾಪ, ಅವಳ ಆಯಸ್ಸು ಅಷ್ಟೇ ಇತ್ತು, ಅದಕ್ಕೆ ಬೆರಳೇನು ಮಾಡುತ್ತೆ" ಎಂದು ಮಾತಾಡಿಕೊಳ್ಳುತ್ತಿದ್ದರು. ಇವರಿಗೆ ಏನು ಹೇಳುವುದು? ಮೊದಲ ರಸಪುರಿ ಬಂದಾಗ ಮನೆ ಬಾಗಿಲಿಗೇ ಬುಟ್ಟಿ ತಂದು ಒತ್ತಿಸಿಕೊಂಡು ಹೋದರು.

ಹಾಗೆ ಬುಟ್ಟಿ ತಂದವರಲ್ಲಿ ಆಂಜಿನಮ್ಮನೂ ಒಬ್ಬಳು. ಬೆಳಗ್ಗೆ ಎಂಟು ಗಂಟೆ. ಬುಟ್ಟಿ ಇಳಿಸಿ, ಸೊಣ್ಣಪ್ಪ ಒತ್ತಿ ಹೇಳಿದ ಮೇಲೂ ಹೋಗದೆ ನಿಂತಳು. ಸೆರಗು ಸರಿಸಿ ಕತ್ತು ತೋರಿಸಿದಳು.

"ಅಣ್ಣಾ, ಇದೊಂದು ಚೂರು ನೋಡಿ ಹೇಳು. ಕಾಯೋ, ಹಣ್ಣೋ?"

ಸೊಣ್ಣಪ್ಪನ ಮುಖದ ರಕ್ತ ಇಳಿಯಿತು. ಆದರೂ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಮೂವತ್ತು ವರ್ಷದ ಅಭ್ಯಾಸ, ಹಾಳಾದ್ದು. ಹೆಬ್ಬೆಟ್ಟು ಆಂಜಿನಮ್ಮನ ಕತ್ತಿಗೆ ಇನ್ನೊಂದು ಗೇಣಿತ್ತು, ಗಂಜಿಯ ಚಮಚ ಹಾರಿ ಬಂದು ಅವನ ಮಣಿಕಟ್ಟಿಗೆ ಬಡಿಯಿತು.

ಚಾಪೆಯ ಮೇಲೆ ಮುನಿಯಲ್ಲಮ್ಮ ಮೊಣಕೈ ಊರಿ ಎದ್ದಿದ್ದಳು. ಆಂಜಿನಮ್ಮನನ್ನು ಹತ್ತಿರ ಕರೆದಳು. ಅವಳು ವಾಸನೆಗೆ ಮೂಗು ಮುಚ್ಚಿಕೊಳ್ಳಲು ಹೋಗಿ, ನಾಚಿ ಕೈ ಕೆಳಗಿಳಿಸಿದಳು.

"ಎಷ್ಟು ದಿನ ಆಯ್ತೇ?"

"ಒಂದು ತಿಂಗ್ಳು ಆಗ್ತಾ ಬಂತಕ್ಕ."

"ನೋವು?"

"ಇಲ್ಲಕ್ಕ. ಅದಕ್ಕೇ ಸುಮ್ನಿದ್ದೆ. ಗಂಜಿ ಪಟ್ಟು ಹಾಕಿದ್ದೆ, ಹಣ್ಣಾಗ್ಲಿ ಅಂತ..."

ಮುನಿಯಲ್ಲಮ್ಮ ತನ್ನ ಕತ್ತಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅಷ್ಟೂ ಬಿಚ್ಚಿದಳು. ಆಂಜಿನಮ್ಮ "ಅಯ್ಯೋ ದೇವರೇ" ಎಂದು ಗೋಡೆಗೆ ಒರಗಿದಳು.

"ನೋಡ್ಕೊ. ಇದು ಹಣ್ಣು. ಕಾಯಾಗಿದ್ದಾಗ್ಲೇ ಹೋಗು."

"ಎಲ್ಲಿಗಕ್ಕ?"

"ಕೋಲಾರದ ದೊಡ್ಡಾಸ್ಪತ್ರೆಗೆ. ನಿಂದು ಬರೀ ಗಂಟೇ ಇರಬೋದು, ಅವ್ರು ನೋಡಿ ಏನಿಲ್ಲ ಅನ್ನಬೋದು. ಆಗ ಬಂದು ನನ್ನ ಬೈಯಿ. ಕೊಯ್ದು ನೋಡ್ತೀವಿ ಅಂದ್ರೆ ಕೊಯ್ಸ್ಕೋ."

"ಇನ್ನೂ ಒಂದೇ ತಿಂಗ್ಳು ಅಲ್ವೇನಕ್ಕ, ಸುಗ್ಗಿ ಮುಗಿಸ್ಕೊಂಡು..."

"ಒಂದು ಅನ್ಬೇಡ!" ಎಂದಳು ಮುನಿಯಲ್ಲಮ್ಮ. ಕೂಗಲು ಹೋದಳು, ಗಾಳಿ ಮಾತ್ರ ಬಂತು. "ರಾಶಿ ಮುಂದೆ ನನ್ನ ಜಾಗದಲ್ಲಿ ಕೂತೋಳಲ್ವಾ ನೀನು? ಒಂದಕ್ಕೆ ಏನಂತಾರೆ?"

ಆಂಜಿನಮ್ಮ ಅಳುತ್ತ ಹೇಳಿದಳು: "ಲಾಭ."

"ಹಾಂ. ಎರಡು ಅನ್ನೋಕೆ ಮುಂಚೆ ಬಸ್ಸು ಹತ್ತು." ಆಮೇಲೆ ಗಂಡನ ಕಡೆ ತಿರುಗಿದಳು. "ಮಾವಾ, ನೀನೇ ಕರ್ಕೊಂಡ್ ಹೋಗು. ಡಾಕ್ಟ್ರ ಹತ್ರ ಬಿಟ್ಟೇ ಬಾ. ದಾರೀಲಿ ಏನಾದ್ರೂ ಅವಳ ಕತ್ತು ಮುಟ್ಟಿದ್ಯೋ, ನಾನು ಸತ್ತ ಮೇಲೆ ನನ್ನ ಬಾಯಿಗೆ ಅಕ್ಕಿ ಹಾಕೋಕೆ ನೀನು ಬರಬೇಡ."

ಸೊಣ್ಣಪ್ಪ ಬಿದ್ದಿದ್ದ ಚಮಚವನ್ನು ತೊಳೆದು ಅವಳ ಪಕ್ಕದಲ್ಲಿಟ್ಟ. ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಮಾಡಿಕೊಂಡು, ಅಂಗಿ ಹಾಕಿಕೊಂಡು ಹೊರಟ. ಆಂಜಿನಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು ಅವನ ಹಿಂದೆ ಹೋದಳು.

ಮುನಿಯಲ್ಲಮ್ಮ ಮಲಗಿದಳು. ಎಂಟೂವರೆಯ ಕೋಲಾರದ ಬಸ್ಸು ಹಾರನ್ ಹೊಡೆದು ಹೊರಟದ್ದು ಜಗುಲಿಗೆ ಕೇಳಿಸಿತು. ಅದು ಯಲ್ದೂರು ರಸ್ತೆಯ ತಿರುವು ದಾಟಿ ಸದ್ದು ಅಡಗುವವರೆಗೆ ಕಿವಿಗೊಟ್ಟಳು. ಆಮೇಲೆ ಕಣ್ಣು ಮುಚ್ಚಿ, ಬಾರದ ದನಿಯಲ್ಲೇ ಲಾಭ ಎಂದಳು. ಎರಡು ಎನ್ನಲಿಲ್ಲ.